ಪುರಂದರರಾಯರ ಗುಟ್ಟಿನ ಭಾಷೆ

"ಎಡಕ್ಕೆ ಕೊಡೋ, ಎಡಕ್ಕೆ!" ಎಂದು ಪುರಂದರರಾಯರು ಗೆರೆಯಾಚೆಯಿಂದ ಗಂಟಲು ಹರಿಯುವಂತೆ ಕೂಗಿದರು. ಚೆಂಡು ಎಡಕ್ಕೆ ತಿರುಗುವ ಮೊದಲೇ ತಿರುಪ್ಪೂರಿನ ಬನಿಯನ್ ಕಂಪನಿ ತಂಡದ ಇಬ್ಬರು ಅಲ್ಲಿ ಕಾದು ನಿಂತಿದ್ದರು. "ಹಿಂದಕ್ಕೆ ಹಾಕು!" ಎಂದರೆ ಹಿಂದೆಯೂ ಅವರೇ. ಅರ್ಧ ಆಟ ಮುಗಿಯುವಷ್ಟರಲ್ಲಿ ರಾಯರ ಕೊಯಮತ್ತೂರು ಕಾಲೇಜು ತಂಡ ಒಂದು ಗೋಲು ಹಿಂದೆ ಬಿದ್ದಿತ್ತು.

ಇದು ಜಿಲ್ಲೆಯ ಫುಟ್‌ಬಾಲ್ ಕಪ್ಪಿನ ಫೈನಲ್ಲು. "ಕಪ್ ತನ್ನಿ, ಕೆಲಸ ಖಾಯಂ" ಎಂದು ಪ್ರಿನ್ಸಿಪಾಲ್ ದಂಡಪಾಣಿಯವರು ಮಾತು ಕೊಟ್ಟಿದ್ದರು. ಅತ್ತ ಮೈಸೂರಿನಲ್ಲಿ ಮಾವನವರು, "ಕೆಲಸ ಖಾಯಂ ಆಗಲಿ, ಆಮೇಲೆ ಪದ್ಮಾಕ್ಷಿಯನ್ನು ಕಳಿಸೋಣ" ಎಂದು ಮಗಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದರು. ಒಟ್ಟಿನಲ್ಲಿ ಹೊಸ ಕೋಚ್ ರಾಯರ ಸಂಸಾರ ಹನ್ನೊಂದು ಹುಡುಗರ ಕಾಲಲ್ಲಿತ್ತು.

ಜೂನ್‌ನಲ್ಲಿ ಬಂದಾಗ ರಾಯರಿಗೆ ತಮಿಳು ಬರುತ್ತಿರಲಿಲ್ಲ. ತಂಡದ ನಾಯಕ ಶ್ರೀನಿವಾಸನ ಮನೆಮಾತು ಕನ್ನಡ ಎಂದು ತಿಳಿದದ್ದೇ ತಡ, ಅವರಿಗೊಂದು ಉಪಾಯ ಹೊಳೆಯಿತು. ದೇವರಾಜನ್, ಪಳನಿಸಾಮಿ, ಎಲ್ಲರಿಗೂ ಎಡ, ಬಲ, ಹಿಂದೆ, ಮುಂದೆ, ಹೊಡಿ ಎಂದು ಬಾಯಿಪಾಠ ಮಾಡಿಸಿದರು. ಆಮೇಲೇನು, ಗುಟ್ಟನ್ನೆಲ್ಲ ಮೈದಾನದಲ್ಲಿ ಕೂಗಿ ಕೂಗಿ ಹೇಳುವುದೇ! ಎದುರಾಳಿಗಳು ಕಣ್ಣು ಕಣ್ಣು ಬಿಡುವಷ್ಟರಲ್ಲಿ ಗೋಲು. ಹೋದ ವರ್ಷ ಕಂಡಕಂಡವರ ಕೈಯಲ್ಲಿ ಸೋತಿದ್ದ ತಂಡ ಈ ವರ್ಷ ಎಲ್ಲರಿಗೂ ಚಳ್ಳೆಹಣ್ಣು ತಿನ್ನಿಸುತ್ತ ಫೈನಲ್ಲಿಗೆ ಬಂದಿತ್ತು. ಮೈಸೂರಿನಿಂದ ಬರುವ ದಾರಿಯಲ್ಲಿ ದಿಂಬಂ ಘಟ್ಟ ಇಳಿದರೆ ಕನ್ನಡ ಮುಗಿಯಿತು ಎಂಬುದು ರಾಯರ ಲೆಕ್ಕ. ರಾಜ್ಯಗಳ ಗಡಿ ಎಲ್ಲಿ ಎಳೆಯಬೇಕೆಂದು ದಿಲ್ಲಿಯ ದೊಡ್ಡವರು ತಲೆ ಕೆಡಿಸಿಕೊಂಡಿದ್ದ ವರ್ಷ ಅದು. ರಾಯರು ಮಾತ್ರ ತಮ್ಮ ಮಟ್ಟಿಗೆ ಎಳೆದು ಮುಗಿಸಿದ್ದರು.

ವಿರಾಮದಲ್ಲಿ ಶ್ರೀನಿವಾಸ ಏದುಸಿರು ಬಿಡುತ್ತ ಬಂದ. "ಸಾರ್, ಇನ್ನು ಕೂಗಬೇಡಿ. ಅವರ ಗೋಲ್‌ಕೀಪರ್ ರಂಗಸಾಮಿ ಇದ್ದಾನಲ್ಲ, ಅವನಿಗೆ ಕನ್ನಡ ಗೊತ್ತು. ನೀವು ಕೂಗಿದ್ದನ್ನ ಹಂಗೇ ತಮಿಳು ಮಾಡಿ ಅವರಿಗೆ ಹೇಳ್ತಾ ಇದ್ದಾನೆ."

"ತಿರುಪ್ಪೂರಿನಲ್ಲಿ ಕನ್ನಡವೇನೋ?"

"ನೇಯೋರ ಮನೆ ಹುಡುಗ ಸಾರ್. ತಾತನ ತಾತನ ಕಾಲದಿಂದ ಮನೇಲಿ ಕನ್ನಡವೇ. ಅವರ ಬೀದಿಯೆಲ್ಲಾ ಹಂಗೇ."

"ಅಯ್ಯೋ ನಿನ್ನ! ಹಿಂಗೂ ಜನ ಇದ್ದಾರೆ ಅಂತ ಮೊದಲೇ ಹೇಳೋಕೆ ಏನಾಗಿತ್ತೋ?"

"ನೀವು ಎಲ್ಲಿ ಸಾರ್ ಮಾತಾಡೋಕೆ ಬಿಟ್ಟಿರಿ? ದಯವಿಟ್ಟು ಸುಮ್ಮಾ ಇರಿ ಸಾರ್, ನಾವು ಆಡ್ತೀವಿ."

ಬಾಯಿ ಬಿಟ್ಟರೆ ಬಣ್ಣಗೇಡು ಎಂಬುದು ರಾಯರಿಗೂ ಅರ್ಥವಾಯಿತು. ಆಟ ಮತ್ತೆ ಶುರುವಾದಾಗ ಅವರು ಪ್ರಿನ್ಸಿಪಾಲರ ಪಕ್ಕದ ಕುರ್ಚಿಯಲ್ಲಿ, ಕರ್ಚೀಫನ್ನು ಬಾಯಿಗೆ ತುರುಕಿಕೊಂಡು ಕುಳಿತರು. ಯಾರೂ ಕೂಗದಿದ್ದರೂ ಹುಡುಗರು ಆಡಿದರು. ಕೂಗಿದಾಗ ಆಡಿದ್ದಕ್ಕಿಂತ ಚೆನ್ನಾಗಿಯೇ ಆಡಿದರು. ಇದು ರಾಯರಿಗೆ ಅಷ್ಟೇನೂ ಹಿಡಿಸಲಿಲ್ಲ ಅನ್ನಿ. ಆಟ ಇನ್ನೇನು ಮುಗಿಯಬೇಕು, ತಿರುಪ್ಪೂರಿನವನೊಬ್ಬ ಚೆಂಡನ್ನು ಕೈಯಲ್ಲಿ ತಡೆದುಬಿಟ್ಟ. ಪೆನಾಲ್ಟಿ! ಗೋಲಾದರೆ ಆಟ ಸಮ. ಸಮವಾದರೆ ಇನ್ನೊಂದು ಆಟ, ಇನ್ನೊಂದು ಆಸೆ.

ಶ್ರೀನಿವಾಸ ಹೊಡೆದ. ಹೊಡೆತದಲ್ಲಿ ಕುಂದೇನೂ ಇರಲಿಲ್ಲ. ಚೆಂಡು ಬಲಗಂಬದ ಮೂಲೆ ಹಿಡಿದೇ ಹೋಯಿತು. ರಂಗಸಾಮಿ ಹಾರಿದ. ಕಲ್ಲಿನಂಥ ನೆಲದ ಮೇಲೆ ಉದ್ದಕ್ಕೆ ಬಿದ್ದು, ಬೆರಳ ತುದಿಯಲ್ಲಿ ತಡೆದು, ಚೆಂಡನ್ನು ಎದೆಗೆ ಅವುಚಿಕೊಂಡು, "ಅವ್ವಾ, ಸಿಕ್ತು!" ಎಂದು ಕಿರುಚಿದ.

ನೋವಿಗೂ ಸಂತೋಷಕ್ಕೂ ತಾನಾಗಿ ಬಾಯಿಗೆ ಬರುವಂಥ ಕನ್ನಡ ಮೈಸೂರು ಬಿಟ್ಟ ಮೇಲೆ ರಾಯರ ಕಿವಿಗೆ ಬಿದ್ದೇ ಇರಲಿಲ್ಲ. ಕಪ್ಪು, ಕೆಲಸ, ಮಾವ ಎಲ್ಲ ಮರೆತುಹೋಯಿತು. ಕರ್ಚೀಫು ಎಲ್ಲಿ ಹಾರಿತೋ! ಕುರ್ಚಿಯಿಂದ ಎದ್ದು ನಿಂತು, "ಎಂಥಾ ಹಿಡಿತ ಹಿಡಿದೆಯೋ ನನ್ನ ಕಂದಾ! ನಿನ್ನ ಹೆತ್ತ ಹೊಟ್ಟೆ ತಣ್ಣಗಿರಲಿ!" ಎಂದು ಮೈದಾನಕ್ಕೆಲ್ಲ ಕೇಳುವಂತೆ ಕೂಗಿಬಿಟ್ಟರು.

ಆಟ ಮುಗಿದ ಸೀಟಿ ಕೇಳಿಸಿತು. ಪ್ರಿನ್ಸಿಪಾಲರು ಮೆಲ್ಲಗೆ ತಿರುಗಿದರು. ಅವರಿಗೆ ಕನ್ನಡ ಬಾರದು. "ಏನು ರಾವ್ ಅದು? ಯಾರಿಗೆ ಹೇಳಿದಿರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ರಾಯರಿಗೆ ಈಗ ಮೈಮೇಲೆ ಎಚ್ಚರ ಬಂತು. "ನಮ್ಮ ಶ್ರೀನಿವಾಸನಿಗೆ ಸಾರ್. ಬೈದೆ. ಹೆತ್ತವರನ್ನೂ ಬಿಡದೆ ಬೈದೆ."

"ಬೈಯಬೇಕಾದ್ದೇ!" ಪ್ರಿನ್ಸಿಪಾಲರ ಮುಖ ಅರಳಿತು. "ಹುಡುಗರನ್ನು ಹೀಗೆ ಅಂಕೆಯಲ್ಲಿ ಇಡುವವರೇ ನಮಗೆ ಬೇಕು. ಕಪ್ ಹೋದರೆ ಹೋಗಲಿ, ಮುಂದಿನ ವರ್ಷ ತರುತ್ತೀರಿ. ನಾಳೆ ಬಂದು ನನ್ನನ್ನು ಕಾಣಿ, ಕೆಲಸ ಖಾಯಂ ಮಾಡಿಬಿಡೋಣ."

ರಾಯರು ಉಸಿರು ಬಿಟ್ಟರು. ಅವರ ಕಣ್ಣ ಮುಂದೆ ಪದ್ಮಾಕ್ಷಿ ಆಗಲೇ ಟ್ರಂಕು ಹಿಡಿದು ಮೈಸೂರು ಬಸ್ಸಿನಿಂದ ಇಳಿಯುತ್ತಿದ್ದಳು. ಅಷ್ಟರಲ್ಲಿ ರಂಗಸಾಮಿ, ಹೆಗಲ ಮೇಲೆ ಹೊರಲು ಬಂದ ಗೆಳೆಯರನ್ನೆಲ್ಲ ಕೊಡವಿಕೊಂಡು, ಮೈದಾನ ದಾಟಿ ಓಡೋಡಿ ಬಂದ. ತರಚಿದ ಮೊಣಕಾಲು ಊರಿ ರಾಯರ ಪಾದ ಮುಟ್ಟಿದ, ಎರಡೂ ಕೈ ಕಣ್ಣಿಗೆ ಒತ್ತಿಕೊಂಡ.

ಪ್ರಿನ್ಸಿಪಾಲರು ಅವನನ್ನು ನೋಡಿದರು, ರಾಯರನ್ನು ನೋಡಿದರು.

"ರಾವ್, ನೀವು ಬೈದದ್ದು ನಮ್ಮ ಹುಡುಗನನ್ನು. ಕಾಲಿಗೆ ಬೀಳೋಕೆ ಇವನ್ಯಾಕೆ ಬಂದ?"