ಶಬಾನಾಳ ಮಡಕಿ ಕಾಳು

ಹೆಸರುಕಾಳಿಗಿಂತ ಸಣ್ಣ ಮಡಕಿ ಕಾಳು ಮೊಳಕೆಯೊಡೆದಾಗಿನ ಹಸಿ ವಾಸನೆ ಇಂದಿಗೂ ನನ್ನನ್ನು ಕರಜಗಿಯ ಅಂಗನವಾಡಿಗೆ ಒಯ್ಯುತ್ತದೆ. ತಮ್ಮ ಅಲ್ಲಿದ್ದನಾದ್ದರಿಂದ ನಾನಾಗ ಐದನೆಯ ಇಯತ್ತೆಯಲ್ಲೇ ಇದ್ದಿರಬೇಕು. ತೊಂಬತ್ತರ ದಶಕದ ಕೊನೆ.

ನನ್ನ ತರಗತಿಯ ಶಬಾನಾ, ಯಾರೂ ಹೇಳದಿದ್ದರೂ, ಶನಿವಾರ ಮಧ್ಯಾಹ್ನ ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳೆಸಿದ ಕಾಳನ್ನು ಅಂಗನವಾಡಿಗೆ ತಂದು ಮಕ್ಕಳಿಗೆ ತಿನ್ನಿಸುತ್ತಿದ್ದಳು. ನಮ್ಮಜ್ಜಿಯ ಬಾಯಲ್ಲಿ ಅವಳದೇ ಹೊಗಳಿಕೆ. ನನ್ನ ತಮ್ಮನೂ ಅವಳ ಕೈಗೇ ಬಾಯಿ ತೆರೆಯುತ್ತಿದ್ದ. ಒಂದು ಶನಿವಾರ ತಾಳಲಾರದೆ ಅವಳ ಬಟ್ಟಲು ಇಸಿದುಕೊಂಡು ನಾನೇ ತಿನ್ನಿಸಹೋದೆ. ತಮ್ಮ ತುಟಿ ಬಿಗಿಹಿಡಿದ.

ಅವನನ್ನು ಕರೆದೊಯ್ಯಲು ಬಂದಿದ್ದ ಅಜ್ಜಿ ನಕ್ಕಳು: "ಅಕಿ ಮೊದಲ ತಾ ತಿಂದು ತೋರಸ್ತಾಳವಾ. ನೀ ಮನ್ಯಾಗ ಕಾಳು ಕಂಡ್ರ ಮಾರಿ ತಿರುವ್ತಿ!"

ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಶಬಾನಾ ನೋಡುತ್ತಿದ್ದಳು, ಉಗುಳುವಂತಿರಲಿಲ್ಲ.

"ಚಲೋ ಅದಾವಲ್ಲ?" ಎಂದಳು.

ತಲೆಯಾಡಿಸಿ ನುಂಗಿದೆ. ತಮ್ಮ ಬಾಯಿ ತೆರೆದ, ಅವಳ ಕಡೆಗೆ.