ಇಂಕೇರಿಯ ರೊಟ್ಟಿಯೇಟು

ಸುತ್ತಿಗೆ ಕದ್ದರೆ ಇಂಕೇರಿ ಸೋಲುತ್ತಾಳೆ ಅಂದುಕೊಂಡಿರಾ? ತಡೀರಿ ಸ್ವಾಮಿ, ಆಕೆ ಹೆಲ್ಸಿಂಕಿಯ ವಿದ್ಯಾರ್ಥಿ ಸಂಘವೊಂದರ ಕಾರ್ಯದರ್ಶಿ! ಸಂಘದ ಸೌನಾ, ಅದೇ ಹಬೆಸ್ನಾನದ ಕೋಣೆ, ಉಳಿಸಿಕೊಳ್ಳುವ ನಿರ್ಣಯಕ್ಕೆ ಎಲ್ಲರೂ ಕೈಯೆತ್ತಿಯಾಗಿತ್ತು. ಆದರೆ ಕಾರ್ಯದರ್ಶಿ ಮೇಜು ಕುಟ್ಟದೆ ಯಾವ ನಿರ್ಣಯವೂ ಪಾಸಾಗದು. ಬರಿಗೈಯಲ್ಲಿ ಕುಟ್ಟಿದರೆ ಲೆಕ್ಕಕ್ಕಿಲ್ಲ. ಸುತ್ತಿಗೆಯನ್ನು ಎದುರು ಸಂಘದವರು ಎಗರಿಸಿದ್ದರು.

“ಏನಮ್ಮಾ ಕಾರ್ಯದರ್ಶಿ, ಹಣೆ ಚಚ್ಕೋತೀಯಾ? ಇವತ್ತು ಪಾಸಾಗ್ಲಿಲ್ಲ ಅಂದ್ರೆ ಸೌನಾ ನಮ್ದು!” ಎದುರು ಸಂಘದ ಯಾಲ್ಮಾರಿ ಬಾಗಿಲಲ್ಲೇ ನಿಂತು ಕಿಚಾಯಿಸಿದ.

ಇಂಕೇರಿ ತಟ್ಟೆಯಲ್ಲಿ ಒಣಗಿ ಕಲ್ಲಾಗಿದ್ದ ರೈ ಧಾನ್ಯದ ರೊಟ್ಟಿ ಎತ್ತಿದಳು. ಮೇಜು ಧಡ್ ಎಂದಿತು.

“ಪಾಸಾಯ್ತು ಕಣೋ! ಟವೆಲ್ ಮಡಚ್ಕೊಂಡು ಮನೆಗ್ ನಡಿ!” ಎಂದಳು. ಸಭೆಯೆಲ್ಲ ಶಿಳ್ಳೆ ಹೊಡೆಯಿತು.

ನಿಜ ಹೇಳಿಬಿಡುತ್ತೇನೆ, ಅವಳು ಮೇಜು ಕುಟ್ಟಲೇ ಇಲ್ಲ. ಯಾಲ್ಮಾರಿಯ ಮೂತಿಗೆ ಎಸೆಯಲೆಂದು ಎತ್ತಿದ ರೊಟ್ಟಿ, ಸಿಟ್ಟಿನ ಭರದಲ್ಲಿ ಕೈಜಾರಿ ಮೇಜಿನ ಮೇಲೆ ಬಿತ್ತು, ಅಷ್ಟೇ.