ಎದುರು ಪಾರ್ಟಿಯವರ ಶೂ ಅಂಗಡಿ

ಕಡುಗೆಂಪು ಬಾವುಟ ಕಣ್ಣಿಗೆ ಬೀಳುವಷ್ಟರಲ್ಲಿ ಹೈಸಿಂತ್ ಅಂಗಡಿಯ ಒಳಗೆ ಬಂದಾಗಿತ್ತು. ಮಗಳು ಕೆಡೀಶಾ ಸ್ಟೂಲಿನ ಮೇಲೆ ಕೂತು ಎರಡೂ ಶೂ ಬಿಚ್ಚಿಯಾಗಿತ್ತು. ಗಲ್ಲಾದ ಹಿಂದೆ ಗೋಡೆ ತುಂಬ ಸೇಂಟ್ ಆಸ್ಮಂಡ್ ಸ್ಕೂಲಿನ ಬಾವುಟ; ಅದರ ಕೆಳಗೆ ಅದೇ ಬಣ್ಣದ ಟೈ ಕಟ್ಟಿಕೊಂಡ ಮುದುಕ, ಅಂಗಡಿಯ ಯಜಮಾನ ಓಸ್ವಿನ್. ಕೆಡೀಶಾಳ ಮೈಮೇಲೆ ಕೋರಲ್ ಹಿಲ್ ಸ್ಕೂಲಿನ ಹಳದಿ ಯೂನಿಫಾರ್ಮು. ಹೈಸಿಂತ್ ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದಳು.

ಸ್ಕೂಲುಗಳ ನಡುವಿನ ಚಾಂಪ್ಸ್ ಓಟದ ಪಂದ್ಯಗಳ ವಾರ ಬಂತೆಂದರೆ ಕಿಂಗ್‌ಸ್ಟನ್ನಿನಲ್ಲಿ ಗಂಡ ಹೆಂಡಿರೇ ತಾವು ಓದಿದ ಸ್ಕೂಲಿನ ಬಣ್ಣ ತೊಟ್ಟು ಎದುರುಬದುರು ನಿಂತು ಬೈದಾಡುತ್ತಾರೆ. ಅಂಥದ್ದರಲ್ಲಿ ಎದುರು ಪಾರ್ಟಿಯವನ ಕೈಗೆ ಮಗಳ ಕಾಲು ಕೊಡುವುದೇ? ಆದರೆ ಬೇರೆ ಅಂಗಡಿಗಳಲ್ಲೆಲ್ಲ ಅವಳ ಅಳತೆಯ, ಅಡಿಗೆ ಮೊಳೆಯಿರುವ ಸ್ಪೈಕ್ ಶೂ ಖಾಲಿ. ಇಷ್ಟು ದಿನ ಕೆಡೀಶಾ ಓಡಿದ್ದು ಅಕ್ಕನ ಹಳೇ ಜೋಡಿಯಲ್ಲಿ. ಹೋದ ವಾರದ ಓಟದಲ್ಲಿ ಹಿಮ್ಮಡಿ ಜಾರಿ, ಮೊದಲು ಬರಬೇಕಾದವಳು ನಾಲ್ಕನೆಯವಳಾಗಿ ಬಂದು, ಮನೆಗೆ ಬರುವವರೆಗೂ ಅತ್ತಿದ್ದಳು. ಈ ಶನಿವಾರ ನೂರು ಮೀಟರ್. ಸ್ಕೂಲಿನ ಕೊನೆಯ ವರ್ಷ. ಇದು ತಪ್ಪಿದರೆ ಇನ್ನೊಂದು ಚಾಂಪ್ಸ್ ಅವಳಿಗಿಲ್ಲ.

ಓಸ್ವಿನ್ ಹಳದಿ ಯೂನಿಫಾರ್ಮನ್ನು ಮೇಲಿಂದ ಕೆಳಗೆ ನೋಡಿದ, ಪಾದ ಅಳೆದ, ಆರೂವರೆ ನಂಬರಿನ ಜೋಡಿ ತಂದ. ಗರಿಯಂತೆ ಹಗುರ, ಅಡಿ ಮಾತ್ರ ಹಲಗೆಯಷ್ಟು ಗಟ್ಟಿ. ಕೆಡೀಶಾ ಕಾಲುಚೀಲವಿಲ್ಲದೆ ಅದರೊಳಗೆ ಪಾದ ತುರುಕಿ ಎದ್ದು ನಿಂತದ್ದೇ ಮುಖ ಅರಳಿತು.

ಹೈಸಿಂತ್ ಬಗ್ಗಿ ಶೂ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ಇದೇನ್ರೀ ಇದು? ಒಂದು ಕೂದಲು ಹೋಗೋಷ್ಟೂ ಜಾಗ ಇಲ್ಲ! ಹಿಮ್ಮಡಿ ಹತ್ರ ಮೆತ್ತೆ ಅನ್ನೋದೇ ಇಲ್ಲ. ನನ್ನ ಮಗಳ ಕಾಲು ಮುರೀಬೇಕು ಅಂತಾನಾ?"

"ತಾಯೀ, ಇದು ಬೆಳಗ್ಗೆ ವಾಕಿಂಗ್ ಹೋಗೋ ಶೂ ಅಲ್ಲ. ನೂರು ಮೀಟರ್ ಓಡೋರು ಹಿಮ್ಮಡಿ ಊರೋದೇ ಇಲ್ಲ. ಹಿಂಗೆ ಚರ್ಮಕ್ಕೆ ಅಂಟ್ಕೊಂಡೇ ಇರ್ಬೇಕು."

"ಕೋಚ್ ಹೇಳಿದ್ದೂ ಇದನ್ನೇ ಅಮ್ಮಾ."

"ನೀನು ಸುಮ್ನಿರೇ. ನಿನ್ನ ಕೋಚ್ ಓದಿದ್ದೆಲ್ಲಿ? ಅವನೂ ಸೇಂಟ್ ಆಸ್ಮಂಡ್‌ನವನೇ! ರೀ ಯಜಮಾನ್ರೇ, ಎಂಟು ನಂಬರ್ ತೆಗೀರಿ. ಅಡಿಗೆ ಚೆನ್ನಾಗಿ ಮೆತ್ತೆ ಇರೋದು."

ಕೆಡೀಶಾಳ ಕಣ್ಣು ತುಂಬಿ ಬಂತು. ಓಸ್ವಿನ್ ಒಮ್ಮೆ ಅವಳ ಮುಖ ನೋಡಿದ, ಒಮ್ಮೆ ತಾಯಿಯ ಮುಖ ನೋಡಿದ. ಕಳ್ಳ ಮುದುಕ, ಅವನ ತಲೆಯಲ್ಲಿ ಏನು ಓಡಿತೋ! ಆರೂವರೆಯ ಜೋಡಿಯನ್ನು ಮೆಲ್ಲಗೆ ಬಿಚ್ಚಿಸಿ, ಡಬ್ಬದೊಳಗಿಟ್ಟು, ಆ ಡಬ್ಬವನ್ನು ಗಲ್ಲಾದ ಕೆಳಗೆ ತಳ್ಳಿದ. ಮೇಲಿನ ಅಟ್ಟದಿಂದ ತಲೆದಿಂಬಿನಂಥದೊಂದು ದಪ್ಪ ಜೋಡಿ ಇಳಿಸಿದ.

"ನಿಮ್ಮ ಮಾತೇ ಸರಿ ತಾಯೀ. ನಂದೇ ತಪ್ಪು. ಇದನ್ನೇ ಹಾಕ್ಕೊಳ್ಲಿ, ಒಳಗೆ ದಪ್ಪ ಕಾಲುಚೀಲ ಬೇರೆ ಹಾಕ್ಲಿ. ಶನಿವಾರ ಇವಳು ಇದ್ರಲ್ಲಿ ಓಡೋದು ನೋಡಿದ್ರೆ ನಮ್ಮ ಸ್ಕೂಲಿನೋರಿಗೆಲ್ಲ ಎಷ್ಟು ಸಂತೋಷ ಆಗುತ್ತೋ!"

ದಪ್ಪ ಜೋಡಿಗೆ ಚಾಚಿದ ಹೈಸಿಂತಳ ಕೈ ಅಲ್ಲೇ ನಿಂತಿತು. "ಆ ಸಣ್ಣ ಜೋಡಿ ಯಾಕ್ರೀ ಕೆಳಗೆ ಬಚ್ಚಿಟ್ರಿ?"

"ಅದಾ? ಅದು... ನಮ್ಮ ಹುಡುಗೀರಿಗೆ ಅಂತ ತೆಗೆದಿಟ್ಟಿದ್ದು. ಅದು ಬಿಡಿ, ನಿಮಗ್ಯಾಕೆ."

"ಓಹೋ! ನಿಮ್ಮ ಹುಡುಗೀರಿಗೆ ಅದು, ನನ್ನ ಮಗಳಿಗೆ ಈ ತಲೆದಿಂಬು! ನನಗೇ ಟೋಪಿ ಹಾಕೋಕೆ ನೋಡ್ತೀರಾ? ತೆಗೀರಿ ಈಚೆಗೆ!"

"ಬೇಡ ತಾಯೀ..."

"ತೆಗೀರಿ ಅಂದ್ರೆ ತೆಗೀರಿ."

ಓಸ್ವಿನ್ ನಿಟ್ಟುಸಿರು ಬಿಟ್ಟು, ಬಹಳ ಸಂಕಟಪಟ್ಟವನಂತೆ ಡಬ್ಬ ಈಚೆಗೆಳೆದ. "ಹೋಗ್ಲಿ, ಮೊಳೆಗಳನ್ನಾದ್ರೂ ಉದ್ದದ್ದೇ ಹಾಕ್ತೀನಿ. ನೆಲಾನ ಗಟ್ಟಿಯಾಗಿ ಕಚ್ಕೊಂಡ್ಬಿಡುತ್ತೆ, ಕಾಲು ಎತ್ತೋಕೇ ಆಗಲ್ಲ, ಅಷ್ಟು ಚೆನ್ನಾಗಿ."

"ಗಿಡ್ಡದು ಹಾಕ್ರೀ!"

ಕೆಡೀಶಾ ನಗು ತಡೆಯಲಾರದೆ ತಲೆ ತಗ್ಗಿಸಿ ಇಲ್ಲದ ಲೇಸು ಕಟ್ಟಿಕೊಳ್ಳತೊಡಗಿದಳು. ಹೈಸಿಂತ್ ದುಡ್ಡು ಕೊಟ್ಟು, ಯುದ್ಧ ಗೆದ್ದವಳ ಠೀವಿಯಲ್ಲಿ ಟ್ಯಾಕ್ಸಿ ನಿಲ್ಲಿಸಲು ಹೊರಗೆ ಹೋದಳು. "ನಮ್ಮನ್ನ ಏನಂದ್ಕೊಂಡಿದ್ದಾನೆ ಇವನು" ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ಓಸ್ವಿನ್ ಪುಟ್ಟ ಕೀಲಿಯಿಂದ ಒಂದೊಂದೇ ಮೊಳೆ ತಿರುಗಿಸಿ ಕೂರಿಸುತ್ತಿದ್ದ. ಎಲ್ಲವೂ ಗಿಡ್ಡ ಮೊಳೆಗಳೇ, ಸ್ಟೇಡಿಯಮ್ಮಿನ ಟ್ರ್ಯಾಕಿಗೆ ಹೇಳಿ ಮಾಡಿಸಿದಂಥವು.

"ಅಜ್ಜಾ," ಕೆಡೀಶಾ ಪಿಸುಗುಟ್ಟಿದಳು, "ನೀವು ಆ ಕಡೆಯೋರು. ನನಗ್ಯಾಕೆ ಒಳ್ಳೇದು ಮಾಡಿದ್ರಿ?"

"ಒಳ್ಳೇದಾ? ಯಾರು ಮಾಡಿದ್ರು?" ಮುದುಕ ಕಣ್ಣೆತ್ತಲಿಲ್ಲ. "ಶನಿವಾರ ನೂರು ಮೀಟರಲ್ಲಿ ನಿನ್ನ ಜೊತೆ ಓಡೋಳು ನನ್ನ ಮೊಮ್ಮಗಳು ಜೊವೆಲ್. ನಿನ್ನನ್ನ ಅವಳು ಸೋಲಿಸ್ತಾಳೆ. ಆಮೇಲೆ ನೀನು, ನಿಮ್ಮಮ್ಮ, ನಿಮ್ಮ ಇಡೀ ಕೋರಲ್ ಹಿಲ್ಲು, ಶೂ ಸರಿ ಇರ್ಲಿಲ್ಲ ಅಂತ ವರ್ಷಗಟ್ಲೆ ರಾಗ ಎಳೀಬಾರ್ದು ನೋಡು. ಅದಕ್ಕೆ."

ಕೆಡೀಶಾ ಡಬ್ಬವನ್ನು ಎದೆಗವಚಿಕೊಂಡು ಬಾಗಿಲವರೆಗೆ ಹೋದಳು. ಅಲ್ಲಿ ನಿಂತು ಹಿಂದಿರುಗಿ ನೋಡಿದಳು.

"ಹಂಗಾದ್ರೆ ಜೊವೆಲ್ ಶೂನೂ ಇನ್ನೊಂದ್ಸಲ ಸರಿಯಾಗಿ ನೋಡ್ಬಿಡಿ ಅಜ್ಜಾ. ಭಾನುವಾರ ನಿಮಗೂ ನೆಪ ಸಿಗಬಾರ್ದಲ್ಲ."